ಚದರಡಿಗೆ ಎಷ್ಟು? ಮದ್ರಾಸಿನ ಒಂದು ಅಂದಾಜುಪಟ್ಟಿಯ ಇತಿಹಾಸ

ಚೆನ್ನೈಯಲ್ಲಿ ಮನೆ ಕಟ್ಟುವವರು ಕೊನೆಗೆ ಕೈ ಹಾಕುವ ಕೆಲಸ ಗೇಟಿನಿಂದ ಪೋರ್ಟಿಕೋವರೆಗಿನ ಜಾಗದ್ದು. ಅಷ್ಟು ಹೊತ್ತಿಗೆ ದುಡ್ಡು ಮುಗಿದಿರುತ್ತದೆ, ತಾಳ್ಮೆಯೂ ಮುಗಿದಿರುತ್ತದೆ. ಕಾರು ಒಳಗೆ ಬರಬೇಕು, ಮಳೆಗಾಲದಲ್ಲಿ ಕೆಸರಾಗಬಾರದು, ಹುಲ್ಲು ಬೆಳೆಯಬಾರದು. ಇದಕ್ಕೆ ಎಲ್ಲರಿಗೂ ತೋಚುವ ಉತ್ತರ ಕಾಂಕ್ರೀಟ್. ಮೇಸ್ತ್ರಿಯನ್ನು ಕರೆದು ಕೇಳುವ ಪ್ರಶ್ನೆಯೂ ಒಂದೇ: ಚದರಡಿಗೆ ಎಷ್ಟು?

ಮೇಸ್ತ್ರಿ ಒಂದು ಅಂಕಿ ಹೇಳುತ್ತಾನೆ. ಆ ಅಂಕಿಯೊಳಗೆ ಸಿಮೆಂಟು, ಮರಳು, ಜಲ್ಲಿ, ಕೂಲಿ, ತೆರಿಗೆ, ಅವನ ಲಾಭ ಎಲ್ಲವೂ ಅಡಗಿರುತ್ತವೆ. ಅವನ್ನು ಬಿಡಿಬಿಡಿಯಾಗಿ ಬರೆದಾಗ ಅದು ಅಂದಾಜುಪಟ್ಟಿ, ಎಲ್ಲರ ಬಾಯಲ್ಲಿರುವ ಮಾತಿನಲ್ಲಿ ಎಸ್ಟಿಮೇಟ್. ಇಂಥ ಪಟ್ಟಿಯ ಒಂದೊಂದು ಸಾಲಿಗೂ ಇನ್ನೂರು ಮುನ್ನೂರು ವರ್ಷಗಳ ಚರಿತ್ರೆಯಿದೆ. ಆ ಚರಿತ್ರೆಯ ಬಹುಭಾಗ ನಡೆದದ್ದು ಮದ್ರಾಸಿನಲ್ಲೇ. ಪಟ್ಟಿಯಲ್ಲಿ ಏನಿದೆ ಎಂಬುದರಷ್ಟೇ, ಏನನ್ನು ಬರೆಯದೆ ಬಿಡಲಾಗಿದೆ ಎಂಬುದನ್ನೂ ಆ ಚರಿತ್ರೆ ತೋರಿಸುತ್ತದೆ.

ಅಳತೆಯ ಸಾಲು

ಚೆನ್ನೈಯಲ್ಲಿ ನಿವೇಶನವನ್ನು ‘ಗ್ರೌಂಡ್’ ಲೆಕ್ಕದಲ್ಲಿ ಹೇಳುತ್ತಾರೆ. ಒಂದು ಗ್ರೌಂಡ್ ಎಂದರೆ 2400 ಚದರಡಿ. ಬೆಂಗಳೂರಿನವರಿಗೆ ಇದನ್ನು ಬೇರೆಯಾಗಿ ವಿವರಿಸಬೇಕಿಲ್ಲ, ಅದು ಸರಿಯಾಗಿ ಒಂದು 40×60 ಸೈಟು. ಹಳೆಯ ಕಾಗದಪತ್ರಗಳಲ್ಲಿ ಇದೇ ಅಳತೆ ‘ಮನೈ’ ಎಂಬ ಹೆಸರಿನಲ್ಲಿದೆ. 24 ಮನೈ ಸೇರಿದರೆ ಒಂದು ಕಾಣಿ, ಅಂದರೆ 57,600 ಚದರಡಿ, ಸುಮಾರು 1.32 ಎಕರೆ. ನಮ್ಮ ‘ಮನೆ’ ಕಟ್ಟಡದ ಹೆಸರು; ಅದೇ ಪದ ತಮಿಳಿನಲ್ಲಿ ಕಟ್ಟಡ ಏಳುವ ನೆಲಕ್ಕೂ, ಕೊನೆಗೆ ಆ ನೆಲದ ಅಳತೆಗೂ ಹೆಸರಾಯಿತು. ಕಂಪನಿ ಸರ್ಕಾರ ಆ ಮನೈಯನ್ನು ಗ್ರೌಂಡ್ ಎಂದು ಇಂಗ್ಲಿಷಿಗೆ ತಿರುಗಿಸಿಕೊಂಡಿತು, ಅಳತೆಯನ್ನು ಮಾತ್ರ ಮುಟ್ಟಲಿಲ್ಲ.

ಅಳೆಯುವವರನ್ನು ತಯಾರಿಸುವ ಶಾಲೆಯೂ ಇಲ್ಲೇ ಹುಟ್ಟಿತು. 1794ರಲ್ಲಿ ಸೇಂಟ್ ಜಾರ್ಜ್ ಕೋಟೆಯಲ್ಲಿ ಕೆಲವು ಹುಡುಗರಿಗೆ ಸರ್ವೆ ಕಲಿಸಲು ಶುರುವಾದ ಶಾಲೆ 1850ರ ದಶಕದ ಕೊನೆಯಲ್ಲಿ ಎಂಜಿನಿಯರಿಂಗ್ ಕಾಲೇಜಾಯಿತು, 1920ರಲ್ಲಿ ಗಿಂಡಿಗೆ ಸ್ಥಳಾಂತರವಾಯಿತು. ಶಾಲೆಯ ಆರಂಭದ ದಿನಗಳ ಮೇಲ್ವಿಚಾರಕ ಜಾನ್ ಗೋಲ್ಡಿಂಗ್‌ಹ್ಯಾಮ್ ಖಗೋಳಜ್ಞ. ಇಂದು ರಾಜಾಜಿ ಹಾಲ್ ಎಂದು ಕರೆಯುವ, 1802ರಲ್ಲಿ ಮುಗಿದ ಔತಣಶಾಲೆಯನ್ನು ಕಟ್ಟಿಸಿದವನೂ ಅವನೇ. ನಕ್ಷತ್ರ ಅಳೆಯುವುದು, ಹೊಲ ಅಳೆಯುವುದು, ಗೋಡೆ ಅಳೆಯುವುದು ಮೂರೂ ಒಬ್ಬನದೇ ಕೆಲಸವಾಗಿದ್ದ ಕಾಲ ಅದು.

ಸರ್ಕಾರಿ ಕಟ್ಟಡ ಕಾಮಗಾರಿಗೆ ಆಗ ಇದ್ದ ಹೆಸರು ಮರಾಮತ್ತು. ರಿಪೇರಿ ಎಂಬ ಅರ್ಥದ ಈ ಅರಬ್ಬಿ ಪದ ಮೈಸೂರಿನಲ್ಲೂ ಬಹಳ ಕಾಲ ಬಳಕೆಯಲ್ಲಿತ್ತು. ಕೆರೆ ಏರಿ, ರಸ್ತೆ, ಕಚೇರಿ ಕಟ್ಟಡಗಳ ಖರ್ಚನ್ನು ಮೊದಲೇ ಬರೆದು ಮಂಜೂರಾತಿ ಪಡೆಯಬೇಕೆಂಬ ನಿಯಮದಿಂದ ಅಂದಾಜುಪಟ್ಟಿಗೆ ಒಂದು ಸಿದ್ಧ ರೂಪ ಬಂತು. ಮುಂದೆ ಲೋಕೋಪಯೋಗಿ ಇಲಾಖೆ ಅದನ್ನು ಇನ್ನಷ್ಟು ಬಿಗಿಗೊಳಿಸಿತು. ಯಾವ ಕೆಲಸವನ್ನು ಹೇಗೆ ಮಾಡಬೇಕು ಎಂಬುದಕ್ಕೆ ಮದ್ರಾಸ್ ಡಿಟೇಲ್ಡ್ ಸ್ಟ್ಯಾಂಡರ್ಡ್ ಸ್ಪೆಸಿಫಿಕೇಶನ್ಸ್ ಎಂಬ ಗ್ರಂಥ, ಯಾವುದಕ್ಕೆ ಎಷ್ಟು ದರ ಎಂಬುದಕ್ಕೆ ವರ್ಷವರ್ಷದ ದರಪಟ್ಟಿ. ಒಂದು ಘನ ಅಳತೆಯ ಕೆಲಸಕ್ಕೆ ಎಷ್ಟು ಸಾಮಾನು, ಎಷ್ಟು ಆಳು ಬೇಕು ಎಂದು ಬಿಡಿಸಿ ಬರೆಯುವುದಕ್ಕೆ ಇಲ್ಲಿನ ಎಂಜಿನಿಯರುಗಳು ಇಂದಿಗೂ ‘ಡೇಟಾ’ ಎನ್ನುತ್ತಾರೆ. ಕಂಪ್ಯೂಟರು ಬರುವುದಕ್ಕೆ ಬಹಳ ಮೊದಲೇ ಈ ಊರಿನಲ್ಲಿ ಡೇಟಾ ಎಂದರೆ ಮರಳು ಜಲ್ಲಿಯ ಲೆಕ್ಕ. ಬಳ್ಳಾರಿ 1953ರವರೆಗೆ, ದಕ್ಷಿಣ ಕನ್ನಡ ಮತ್ತು ಕೊಳ್ಳೇಗಾಲ 1956ರವರೆಗೆ ಮದ್ರಾಸಿನ ಆಡಳಿತದಲ್ಲಿದ್ದುದರಿಂದ ಅಲ್ಲಿನ ಸೇತುವೆ, ಶಾಲೆ, ಛತ್ರಗಳ ಅಂದಾಜುಪಟ್ಟಿಗಳಿಗೂ ಮದ್ರಾಸಿನ ಲೋಕೋಪಯೋಗಿ ಪದ್ಧತಿಯೇ ಮಾದರಿ.

1956ರಲ್ಲಿ ಮೆಟ್ರಿಕ್ ಕಾನೂನು ಬಂತು. ಸರ್ಕಾರಿ ಪಟ್ಟಿಗಳೆಲ್ಲ ಘನ ಮೀಟರಿಗೆ ತಿರುಗಿದವು. ಬೀದಿ ತಿರುಗಲಿಲ್ಲ. ಚೆನ್ನೈಯ ಲಾರಿಯವನು ಇಂದಿಗೂ ಮರಳನ್ನು ‘ಯೂನಿಟ್’ ಲೆಕ್ಕದಲ್ಲಿ ಮಾರುತ್ತಾನೆ. ಒಂದು ಯೂನಿಟ್ ಎಂದರೆ ನೂರು ಘನ ಅಡಿ. ಇದೇ ನೂರು ಘನ ಅಡಿಗೆ ಬೆಳಗಾವಿ, ಹುಬ್ಬಳ್ಳಿ ಕಡೆ ‘ಬ್ರಾಸ್’ ಎನ್ನುತ್ತಾರೆ. ಸಿಮೆಂಟಿನ ಚೀಲದಲ್ಲೂ ಹಳೆಯ ಅಳತೆ ಉಳಿದಿದೆ. ಮೊದಲಿನ ಚೀಲ 112 ಪೌಂಡಿನದು, ಇಪ್ಪತ್ತು ಚೀಲಕ್ಕೆ ಒಂದು ಟನ್. ಅದು ಐವತ್ತು ಕಿಲೋಗೆ ಬಂದು ನಿಂತರೂ ಒಂದು ಚೀಲ ಎಂದರೆ ಒಂದೂಕಾಲು ಘನ ಅಡಿ ಎಂಬ ಮೇಸ್ತ್ರಿಯ ಬಾಯಿಲೆಕ್ಕ ಹಾಗೇ ನಡೆದಿದೆ.

ಸುಣ್ಣದಿಂದ ಸಿಮೆಂಟಿಗೆ

ಮದ್ರಾಸಿನ ಹಳೆಯ ಕಟ್ಟಡಗಳನ್ನು ಹಿಡಿದು ನಿಲ್ಲಿಸಿರುವುದು ಸುಣ್ಣ. ಸಂಸ್ಕೃತದ ‘ಚೂರ್ಣ’ ಪ್ರಾಕೃತದ ಮೂಲಕ ಬಂದು ನಮ್ಮಲ್ಲಿ ಸುಣ್ಣವಾಯಿತು, ತಮಿಳಿನಲ್ಲಿ ಸುಣ್ಣಾಂಬು ಆಯಿತು, ಇಂಗ್ಲಿಷರ ಬಾಯಲ್ಲಿ ‘ಚುನಾಮ್’ ಆಯಿತು. ಕಲ್ಲು ಸುಟ್ಟು ತೆಗೆದ ಸುಣ್ಣಕ್ಕಿಂತ ಇಲ್ಲಿ ಹೆಸರು ಮಾಡಿದ್ದು ಸಮುದ್ರದ ಚಿಪ್ಪು ಸುಟ್ಟು ತೆಗೆದದ್ದು. ಕೊನೆಯ ಲೇಪಕ್ಕೆ ಮೊಟ್ಟೆಯ ಬಿಳಿ, ಮೊಸರು, ತುಪ್ಪ ಬೆರೆಸಿ ನುಣ್ಣಗಿನ ಕಲ್ಲಿನಿಂದ ತಿಕ್ಕಿದರೆ ಗೋಡೆ ಅಮೃತಶಿಲೆಯಂತೆ ಹೊಳೆಯುತ್ತಿತ್ತು. ‘ಮದ್ರಾಸ್ ಚುನಾಮ್’ ಎಂದು ಅದನ್ನು ಹೊಗಳದ ಪ್ರವಾಸಿಯಿಲ್ಲ. ಊರಿನ ಚೂಳೈ ಎಂಬ ಬಡಾವಣೆಯ ಹೆಸರೇ ಗೂಡು, ಭಟ್ಟಿ ಎಂಬ ಅರ್ಥದ್ದು.

ಸುಣ್ಣದ ಗಾರೆಯಲ್ಲಿ ಸಾಮಾನಿನ ಬೆಲೆಗಿಂತ ಹೊತ್ತಿನ ಬೆಲೆ ದೊಡ್ಡದು. ಚಿಪ್ಪು ಆಯಬೇಕು, ಸುಡಬೇಕು, ಅರಳಿಸಬೇಕು, ದಿನಗಟ್ಟಲೆ ಕೊಳೆಯಲು ಬಿಡಬೇಕು, ಅರೆಯಬೇಕು, ಬಡಿಯಬೇಕು. ಬಲ ಬರುವುದಕ್ಕೆ ತಿಂಗಳುಗಳು ಬೇಕು. 1824ರಲ್ಲಿ ಇಂಗ್ಲೆಂಡಿನ ಲೀಡ್ಸ್ ಊರಿನ ಜೋಸೆಫ್ ಆಸ್ಪ್‌ಡಿನ್ ಪೇಟೆಂಟ್ ಪಡೆದ ಪೋರ್ಟ್‌ಲೆಂಡ್ ಸಿಮೆಂಟು ಈ ಹೊತ್ತನ್ನು ಕಡಿಮೆ ಮಾಡಿತು. ಹಡಗಿನಲ್ಲಿ ಬರುತ್ತಿದ್ದ ಆ ಪುಡಿಯನ್ನು ಇಲ್ಲೇ ತಯಾರಿಸುವ ಮೊದಲ ಪ್ರಯತ್ನ ನಡೆದದ್ದೂ ಮದ್ರಾಸಿನಲ್ಲಿ. 1904ರಲ್ಲಿ ಸೌತ್ ಇಂಡಿಯಾ ಇಂಡಸ್ಟ್ರಿಯಲ್ಸ್ ಎಂಬ ಕಂಪನಿ ಸಮುದ್ರದ ಚಿಪ್ಪನ್ನೇ ಕಚ್ಚಾ ಸಾಮಗ್ರಿಯಾಗಿಟ್ಟುಕೊಂಡು ಕಾರ್ಖಾನೆ ಶುರು ಮಾಡಿತು. ನೂರಾರು ವರ್ಷ ಸುಣ್ಣ ಕೊಟ್ಟ ಚಿಪ್ಪು ಸಿಮೆಂಟನ್ನೂ ಕೊಡಲಿ ಎಂಬ ಆಸೆ ಕೈಗೂಡಲಿಲ್ಲ. ದೇಶದಲ್ಲಿ ಸಿಮೆಂಟು ವ್ಯಾಪಾರವಾಗಿ ನಿಂತದ್ದು 1914ರಲ್ಲಿ, ಗುಜರಾತಿನ ಪೋರಬಂದರಿನ ಕಾರ್ಖಾನೆಯಿಂದ.

ಆ ಕಾಲದಲ್ಲಿ ಸಿಮೆಂಟು ಎಷ್ಟು ದುಬಾರಿ ಎಂಬುದಕ್ಕೆ ಕನ್ನಡಿಗರಿಗೆ ಪರಿಚಿತವಾದ ಸಾಕ್ಷಿ ಕನ್ನಂಬಾಡಿ. 1911ರಲ್ಲಿ ಶುರುವಾದ ಕೃಷ್ಣರಾಜಸಾಗರ ಅಣೆಕಟ್ಟೆಯನ್ನು ಕಟ್ಟಿದ್ದು ಸುರ್ಕಿ ಗಾರೆಯಲ್ಲಿ, ಅಂದರೆ ಸುಣ್ಣಕ್ಕೆ ಇಟ್ಟಿಗೆ ಪುಡಿ ಬೆರೆಸಿ ಅರೆದದ್ದರಲ್ಲಿ. ಹೊರಗಿನ ಸಿಮೆಂಟು ತರಿಸುವುದು ಮೈಸೂರಿನ ಬೊಕ್ಕಸಕ್ಕೆ ಹಗುರದ ಮಾತಾಗಿರಲಿಲ್ಲ. ಅಷ್ಟು ದೊಡ್ಡ ಅಣೆಕಟ್ಟೆಗೆ ದುಬಾರಿಯಾಗಿದ್ದ ವಸ್ತುವನ್ನು ಇಂದು ಕಾರು ನಿಲ್ಲಿಸುವ ಅಂಗಳಕ್ಕೆ ಯೋಚಿಸದೆ ಸುರಿಯುತ್ತೇವೆ.

ಕಾರೂ ಹಾಗೆಯೇ ಅಪರೂಪದ ವಸ್ತುವಾಗಿತ್ತು. ಮದ್ರಾಸ್ ಹೈಕೋರ್ಟಿನ ಕೆಂಪು ಕಟ್ಟಡವನ್ನು ಕಟ್ಟಿದ ಗುತ್ತಿಗೆದಾರ ನಂಬೆರುಮಾಳ್ ಚೆಟ್ಟಿ ಇಲ್ಲಿ ಮೋಟಾರು ಕಾರು ಕೊಂಡ ಮೊದಲ ಭಾರತೀಯರಲ್ಲಿ ಒಬ್ಬರು. ಗುತ್ತಿಗೆ, ಅಂದಾಜು, ಕಾರು ಮೂರೂ ಒಬ್ಬರ ಕೈಯಲ್ಲೇ ಕೂಡಿದ್ದವು. ಅವರ ಕಾಲದ ಬಂಗಲೆಗಳಲ್ಲಿ ಗೇಟಿನಿಂದ ಪೋರ್ಟಿಕೋಗೆ ಹೋಗುವ ದಾರಿ ಕೆಂಪು ಮುರ ಮಣ್ಣಿನದು. ಸಾಧಾರಣ ಮನೆಗಳ ಮುಂದೆ ಸೆಗಣಿ ನೀರು ಚಿಮುಕಿಸಿ ಕೋಲಂ ಹಾಕುವ ಮಣ್ಣಿನ ನೆಲ. ಆ ನೆಲಕ್ಕೆ ಅಂದಾಜುಪಟ್ಟಿ ಬೇಕಿರಲಿಲ್ಲ.

ಸ್ವಾತಂತ್ರ್ಯ ಬಂದ ಮೇಲೆ ತಿರುನೆಲ್ವೇಲಿ ಬಳಿಯ ಇಂಡಿಯಾ ಸಿಮೆಂಟ್ಸ್ ಕಾರ್ಖಾನೆ 1949ರಲ್ಲಿ ಉತ್ಪಾದನೆ ಆರಂಭಿಸಿತು. 1959ರಲ್ಲಿ ಮೌಂಟ್ ರೋಡಿನ ಎಲ್‌ಐಸಿ ಕಟ್ಟಡ ದೇಶದಲ್ಲೇ ಅತಿ ಎತ್ತರದ್ದಾಗಿ ಎದ್ದು ನಿಂತಿತು. ಆದರೆ ಸಾಮಾನ್ಯ ಮನೆಯವರಿಗೆ ಸಿಮೆಂಟು ಸುಲಭವಾಗಲಿಲ್ಲ. ದರವನ್ನೂ ಹಂಚಿಕೆಯನ್ನೂ ಸರ್ಕಾರವೇ ಹಿಡಿದಿತ್ತು. ಮನೆಯ ಪ್ಲಾನು ತೋರಿಸಿ, ಅರ್ಜಿ ಹಾಕಿ, ಪರ್ಮಿಟ್ ಪಡೆದು ಕಾಯಬೇಕು. ಪರ್ಮಿಟ್ ಸಿಮೆಂಟಿನಲ್ಲಿ ಚಾವಣಿ ಹಾಕಿಸಿದರೆ ಸಾಕಾಗಿತ್ತು, ಅಂಗಳಕ್ಕೆ ಯಾರು ಹಾಕಿಸುತ್ತಾರೆ? 1982ರಲ್ಲಿ ನಿಯಂತ್ರಣ ಭಾಗಶಃ ಸಡಿಲವಾಯಿತು, 1989ರಲ್ಲಿ ಪೂರ್ತಿ ಹೋಯಿತು. ಮನೆ ಮುಂದಿನ ಮಣ್ಣು ಕಾಂಕ್ರೀಟಿನ ಕೆಳಗೆ ಮರೆಯಾಗಲು ದಾರಿ ತೆರೆದದ್ದು ಆ ಮೇಲೆ.

ಜಲ್ಲಿ ಮತ್ತು ಮರಳು

ಜಲ್ಲಿ ಎಂಬ ಪದಕ್ಕೆ ಕನ್ನಡದಿಂದ ತಮಿಳಿಗೆ ಅನುವಾದ ಬೇಡ, ಅಲ್ಲೂ ಅದು ಜಲ್ಲಿಯೇ. ಚೆನ್ನೈಯ ಜಲ್ಲಿಯ ಕಥೆ ಪಲ್ಲಾವರಂ ಗುಡ್ಡಗಳದು. 17ನೆಯ ಶತಮಾನದ ಕೊನೆಯಲ್ಲಿ ಕಲ್ಕತ್ತೆಯಲ್ಲಿ ತೀರಿಕೊಂಡ ಕಂಪನಿಯ ಅಧಿಕಾರಿ ಜಾಬ್ ಚಾರ್ನಾಕನ ಸಮಾಧಿಯ ಕಪ್ಪು ಕಲ್ಲು ಯಾವುದು ಎಂದು ಭೂವಿಜ್ಞಾನಿ ಥಾಮಸ್ ಹಾಲೆಂಡ್ ಪರೀಕ್ಷಿಸಿದಾಗ ಅದು ಪಲ್ಲಾವರಂ ಕಡೆಯ ಬಂಡೆಯ ಜಾತಿಯದೇ ಎಂದು ಗೊತ್ತಾಯಿತು. ಆತ 1893ರಲ್ಲಿ ಆ ಬಂಡೆಗೆ ಚಾರ್ನಾಕೈಟ್ ಎಂದು ಹೆಸರಿಟ್ಟ. ನಮ್ಮ ಬಿಳಿಗಿರಿರಂಗನ ಬೆಟ್ಟದಲ್ಲಿರುವುದೂ ಇದೇ ಜಾತಿಯ ಕಲ್ಲು. ಲೋಕದ ಪಠ್ಯಪುಸ್ತಕಗಳಲ್ಲಿ ಹೆಸರಿರುವ ಈ ಬಂಡೆಯನ್ನು ಚೆನ್ನೈಯ ದಕ್ಷಿಣ ಅಂಚಿನಲ್ಲಿ ಹಲವು ತಲೆಮಾರು ಒಡೆದು ಜಲ್ಲಿ ಮಾಡಿತು. ಮೊದಲು ಸುತ್ತಿಗೆಯಿಂದ, ಆಮೇಲೆ ಕ್ರಷರಿನಿಂದ. ಗುಡ್ಡ ಇದ್ದಲ್ಲಿ ಗುಂಡಿಗಳಾದವು.

ಮರಳು ಬಂದದ್ದು ಹೆಚ್ಚಾಗಿ ಪಾಲಾರ್ ನದಿಯಿಂದ. ಈ ಹೊಳೆ ಹುಟ್ಟುವುದು ನಂದಿಬೆಟ್ಟದ ಸೀಮೆಯಲ್ಲಿ. ಕೋಲಾರ ಜಿಲ್ಲೆ, ಬೇತಮಂಗಲದ ಕೆರೆ ದಾಟಿ, ಆಂಧ್ರದ ಮೂಲೆ ಸವರಿಕೊಂಡು, ವೆಲ್ಲೂರು, ಕಾಂಚೀಪುರದ ಕಡೆಯಿಂದ ಹರಿದು ಕಲ್ಪಾಕ್ಕಂ ಬಳಿ ಕಡಲು ಸೇರಬೇಕು. ಮೈಸೂರು ಮತ್ತು ಮದ್ರಾಸು 1892ರಲ್ಲಿ ಮಾಡಿಕೊಂಡ ನದಿನೀರಿನ ಒಪ್ಪಂದದಲ್ಲಿ ಪಾಲಾರ್ ಕೂಡ ಇದೆ. ಆ ಒಪ್ಪಂದ ನೀರಿನ ಬಗ್ಗೆ ಮಾತಾಡಿತು, ಮರಳಿನ ಬಗ್ಗೆ ಆಡಲಿಲ್ಲ. ವರ್ಷದ ಬಹುಕಾಲ ಪಾಲಾರಿನಲ್ಲಿ ಕಾಣುವುದು ಮರಳೇ; ನೀರು ಆ ಮರಳಿನೊಳಗೆ ಇರುತ್ತದೆ. ಲಾರಿಗಳು ಮರಳನ್ನು ಹೊತ್ತುಕೊಂಡು ಹೋದಷ್ಟೂ ನೀರು ಹಿಡಿದಿಡುವ ಪಾತ್ರೆ ಸಣ್ಣದಾಗುತ್ತದೆ. 2003ರಲ್ಲಿ ತಮಿಳುನಾಡು ಸರ್ಕಾರ ಮರಳು ತೆಗೆಯುವುದನ್ನು ತನ್ನ ಲೋಕೋಪಯೋಗಿ ಇಲಾಖೆಗೆ ಒಪ್ಪಿಸಿತು. ಹೊಳೆಯ ಮರಳು ದುಬಾರಿಯಾಗುತ್ತ ಬಂದಂತೆ ಕಲ್ಲನ್ನೇ ಪುಡಿ ಮಾಡಿದ ಎಂ-ಸ್ಯಾಂಡ್ ಆ ಜಾಗಕ್ಕೆ ಬಂತು, 2016ರಲ್ಲಿ ಭಾರತೀಯ ಮಾನಕ ಐಎಸ್ 383 ಅದನ್ನು ಅಧಿಕೃತವಾಗಿ ಒಳಗೊಂಡಿತು. ಹೊಳೆಯ ಹೊರೆ ಗುಡ್ಡದ ಮೇಲೆ ಬಿತ್ತು.

ಲೆಕ್ಕ

ಈಗ ಪಟ್ಟಿಯನ್ನೇ ಮಾಡಿ ನೋಡಬಹುದು. ಗೇಟಿನಿಂದ ಪೋರ್ಟಿಕೋವರೆಗೆ 30 ಅಡಿ ಉದ್ದ, 10 ಅಡಿ ಅಗಲ, 5 ಅಂಗುಲ ದಪ್ಪ ಎಂದಿಟ್ಟುಕೊಳ್ಳೋಣ. 300 ಚದರಡಿಯ ಈ ಹಾಸಿಗೆ ಬೇಕಾಗುವ ಕಾಂಕ್ರೀಟ್ 125 ಘನ ಅಡಿ, ಅಂದರೆ 3.54 ಘನ ಮೀಟರ್.

ಮೊದಲ ಎಚ್ಚರಿಕೆ ಇಲ್ಲೇ. 3.54 ಘನ ಮೀಟರ್ ಗಟ್ಟಿ ಕಾಂಕ್ರೀಟಿಗೆ ಅಷ್ಟೇ ಒಣ ಸಾಮಾನು ಸಾಲದು. ಜಲ್ಲಿಯ ಸಂದಿಗೆ ಮರಳು, ಮರಳಿನ ಸಂದಿಗೆ ಸಿಮೆಂಟು ಇಳಿಯುವುದರಿಂದ ಒಣ ಸಾಮಾನು ಸುಮಾರು 1.54 ಪಟ್ಟು ಬೇಕು, ಅಂದರೆ 5.45 ಘನ ಮೀಟರ್. ಮನೆ ಮುಂದಿನ ಕೆಲಸಕ್ಕೆ ಸಾಮಾನ್ಯವಾಗಿ ಒಪ್ಪುವ ಎಂ20 ದರ್ಜೆಗೆ ರೂಢಿಯ ಪ್ರಮಾಣ ಒಂದು ಪಾಲು ಸಿಮೆಂಟು, ಒಂದೂವರೆ ಪಾಲು ಮರಳು, ಮೂರು ಪಾಲು ಜಲ್ಲಿ. ಎಂ20 ಎಂದರೆ 28 ದಿನದ ಮೇಲೆ ಚದರ ಮಿಲಿಮೀಟರಿಗೆ 20 ನ್ಯೂಟನ್ ಒತ್ತಡ ತಾಳುವ ಕಾಂಕ್ರೀಟ್. ಐದೂವರೆ ಪಾಲಿನಲ್ಲಿ ಹಂಚಿದರೆ ಸಿಮೆಂಟು 0.99 ಘನ ಮೀಟರ್. ಘನ ಮೀಟರಿಗೆ 1440 ಕಿಲೋ ಲೆಕ್ಕದಲ್ಲಿ ಅದು 1427 ಕಿಲೋ, ಸುಮಾರು 29 ಚೀಲ. ಮರಳು ಸುಮಾರು 53 ಘನ ಅಡಿ, ಅಂದರೆ ಅರ್ಧ ಯೂನಿಟ್. ಜಲ್ಲಿ 105 ಘನ ಅಡಿ, ಒಂದು ಯೂನಿಟ್ಟಿಗೆ ತುಸು ಹೆಚ್ಚು. ಚೀಲಕ್ಕೆ 400 ರೂಪಾಯಿ ಎಂದು ಮಾದರಿಗೆ ಹಿಡಿದರೆ ಸಿಮೆಂಟಿಗೇ 11,600 ರೂಪಾಯಿ. ಚೀಲದ ಬೆಲೆ ಹತ್ತು ರೂಪಾಯಿ ಏರಿದರೆ ಪಟ್ಟಿ 290 ರೂಪಾಯಿ ಏರುತ್ತದೆ.

ಚದರಡಿ ದರ ಮೋಸ ಮಾಡುವುದು ದಪ್ಪದಲ್ಲಿ. ಐದಂಗುಲದ ಬದಲು ನಾಲ್ಕಂಗುಲ ಹಾಕಿದರೆ ಚದರಡಿ ಅಷ್ಟೇ ಇರುತ್ತದೆ, ಕಾಂಕ್ರೀಟ್ ಮಾತ್ರ 25 ಘನ ಅಡಿ ಕಡಿಮೆ. ಮೇಲಿನಿಂದ ನೋಡಿದವರಿಗೆ ಗೊತ್ತಾಗುವುದಿಲ್ಲ. ಆದರೆ ಬಾಗುವ ಭಾರವನ್ನು ತಾಳುವ ಶಕ್ತಿ ದಪ್ಪದ ವರ್ಗದಂತೆ ಏರುತ್ತದೆ. ನಾಲ್ಕರ ವರ್ಗ 16, ಐದರ ವರ್ಗ 25. ಕಾಲು ಪಾಲು ಹೆಚ್ಚು ಸಾಮಾನಿಗೆ ಅರ್ಧಕ್ಕಿಂತ ಹೆಚ್ಚು ಬಲ ಸಿಗುತ್ತದೆ. ಆದ್ದರಿಂದ ಕೇಳಬೇಕಾದ ಪ್ರಶ್ನೆ ಚದರಡಿಗೆ ಎಷ್ಟು ಎಂದಲ್ಲ, ಘನ ಅಡಿಗೆ ಎಷ್ಟು ಎಂದು. ಮಣ್ಣು ಅಗೆಯುವ ಒಡ್ಡರಿಗೆ ಕೂಲಿ ಕೊಡುವಾಗ ಗುಂಡಿಯ ನಡುವೆ ಅಲ್ಲಲ್ಲಿ ಮಣ್ಣಿನ ದಿಬ್ಬವನ್ನು ಸಾಕ್ಷಿಗೆ ಬಿಟ್ಟು ಆಳ ಅಳೆಯುವ ಪದ್ಧತಿ ಇತ್ತು. ಕಾಂಕ್ರೀಟಿನಲ್ಲಿ ಅಂಥ ಸಾಕ್ಷಿ ಉಳಿಯುವುದಿಲ್ಲ, ಹಾಕುವ ಮೊದಲೇ ಅಂಚಿನ ಹಲಗೆಯ ಎತ್ತರ ನೋಡಬೇಕು.

ಉಳಿದ ಸಾಲುಗಳು ನೆಲವನ್ನು ಅವಲಂಬಿಸಿವೆ. ಕಡಲ ಪಟ್ಟಿಯ ಬೆಸೆಂಟ್ ನಗರದಲ್ಲಿ ಮರಳು ನೆಲ, ಒಳಗಿನ ಕೆಲವು ಕಡೆ ಜೇಡಿ, ಗಿಂಡಿ, ವೇಳಚೇರಿ ಕಡೆ ಬಂಡೆ. ಜೇಡಿ ಒದ್ದೆಯಾದಾಗ ಉಬ್ಬಿ ಒಣಗಿದಾಗ ಕುಗ್ಗುವುದರಿಂದ ಅಲ್ಲಿ ಅಗೆತ, ಜಲ್ಲಿ ತಳ, ದಮ್ಮಸಿನ ಖರ್ಚು ಹೆಚ್ಚು. ಹತ್ತು ಹನ್ನೆರಡು ಅಡಿಗೊಂದು ಸಂದು ಬಿಡಬೇಕು, ಇಲ್ಲದಿದ್ದರೆ ಕಾಂಕ್ರೀಟ್ ತನಗೆ ಬೇಕಾದ ಕಡೆ ತಾನೇ ಸೀಳಿಕೊಳ್ಳುತ್ತದೆ. ನೀರುಣಿಸುವುದು ಕನಿಷ್ಠ ಏಳು ದಿನ, ಚೆನ್ನೈಯಂಥ ಸೆಕೆಯಲ್ಲಿ ಹತ್ತು ದಿನ. ಕಲಸುವುದಕ್ಕೆ ಚೀಲಕ್ಕೆ 30 ಲೀಟರ್ ಮೀರದಂತೆ ನೀರು. 29 ಚೀಲಕ್ಕೆ 870 ಲೀಟರ್. ಒಂದಂಗುಲ ನೀರು ಒಮ್ಮೆ ಕಟ್ಟಿ ನಿಲ್ಲಿಸಲು ಇನ್ನೊಂದು 700 ಲೀಟರ್. ಸಣ್ಣ ಕೆಲಸದ ಪಟ್ಟಿಗಳಲ್ಲಿ ನೀರಿಗೆ ಹೆಚ್ಚಾಗಿ ಸಾಲೇ ಇರುವುದಿಲ್ಲ. ‘ನೀರು ಮನೆಯವರದು’ ಎಂದು ಬಾಯಿಮಾತಿನಲ್ಲಿ ಮುಗಿಯುತ್ತದೆ.

ತೆರಿಗೆಯ ಸಾಲು

ಮೇಸ್ತ್ರಿ ಸುರಿದ ಕಾಂಕ್ರೀಟ್ ಮಾರಾಟವೋ, ಸೇವೆಯೋ? ದೇಶದ ಅತಿ ಉದ್ದದ ತೆರಿಗೆ ಜಗಳಗಳಲ್ಲಿ ಒಂದು ಮದ್ರಾಸಿನಲ್ಲಿ ಈ ಪ್ರಶ್ನೆಯಿಂದಲೇ ಹುಟ್ಟಿತು. ಮದ್ರಾಸು 1939ರ ತನ್ನ ಮಾರಾಟ ತೆರಿಗೆ ಕಾನೂನನ್ನು 1947ರಲ್ಲಿ ತಿದ್ದಿ, ಕಟ್ಟಡ ಗುತ್ತಿಗೆಯಲ್ಲಿ ಬಳಸಿದ ಸಾಮಾನಿನ ಮೇಲೂ ತೆರಿಗೆ ಹಾಕಿತು. ಗ್ಯಾನನ್ ಡಂಕರ್ಲಿ ಎಂಬ ನಿರ್ಮಾಣ ಕಂಪನಿ ಕೋರ್ಟಿಗೆ ಹೋಯಿತು. ಮನೆ ಕಟ್ಟಿಕೊಡುವ ಒಪ್ಪಂದ ಅಖಂಡ, ಅದರೊಳಗಿಂದ ಇಟ್ಟಿಗೆ ಸಿಮೆಂಟನ್ನು ಬೇರ್ಪಡಿಸಿ ‘ಇದನ್ನು ಮಾರಿದ್ದೀರಿ’ ಎನ್ನಲು ಬರುವುದಿಲ್ಲ ಎಂದು 1958ರಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿತು. ಕಾಲು ಶತಮಾನ ಆ ತೀರ್ಪು ನಿಂತಿತು. 1982ರ 46ನೆಯ ತಿದ್ದುಪಡಿ ಸಂವಿಧಾನದ ಅರ್ಥವಿವರಣೆಯನ್ನೇ ಬದಲಿಸಿ, ಗುತ್ತಿಗೆಯೊಳಗಿನ ಸಾಮಾನಿನ ಮೇಲೆ ತೆರಿಗೆ ಹಾಕುವ ಅಧಿಕಾರವನ್ನು ರಾಜ್ಯಗಳಿಗೆ ಕೊಟ್ಟಿತು. ಈಗ ಜಿಎಸ್‌ಟಿಯಲ್ಲಿ ಗುತ್ತಿಗೆ ಕೆಲಸ ಸೇವೆ ಎಂದು ಎಣಿಕೆಯಾಗುತ್ತದೆ. ಸಿಮೆಂಟಿನ ಮೇಲಿದ್ದ ಶೇ 28ರ ತೆರಿಗೆ 2025ರ ಸೆಪ್ಟೆಂಬರ್ 22ರಿಂದ ಶೇ 18ಕ್ಕೆ ಇಳಿಯಿತು. ತೆರಿಗೆ ಸೇರಿ 400 ರೂಪಾಯಿಯಿದ್ದ ಚೀಲಕ್ಕೆ ಇಳಿಕೆ ಪೂರ್ತಿ ಸಿಕ್ಕರೆ ಸುಮಾರು 31 ರೂಪಾಯಿ ಉಳಿತಾಯ, ನಮ್ಮ 29 ಚೀಲಕ್ಕೆ 900 ರೂಪಾಯಿ.

ಆಳಿನ ಸಾಲು

ಕೂಲಿಯ ಸಾಲಿನಲ್ಲಿ ಭಾಷೆಯೇ ಎಲ್ಲ ಹೇಳುತ್ತದೆ. ಕರಣೆ ಹಿಡಿದವನು ಕೊತ್ತನಾರ್. ಅವನಿಗೆ ಕೈಕೆಲಸ ಮಾಡುವ ಗಂಡಾಳು ಪೆರಿಯಾಳ್, ಬಾಂಡ್ಲಿ ಹೊರುವ ಹೆಣ್ಣಾಳು ಸಿತ್ತಾಳ್. ಕನ್ನಡದ ‘ಕಿವಿ’ ತಮಿಳಿನಲ್ಲಿ ‘ಸೆವಿ’ ಆಗುವಂತೆ ನಮ್ಮ ‘ಕಿರು’ ಅಲ್ಲಿ ‘ಸಿರು’. ಸಿತ್ತಾಳ್ ಎಂದರೆ ಕಿರಿಯಾಳು, ಪೆರಿಯಾಳ್ ಎಂದರೆ ಹಿರಿಯಾಳು. ವಯಸ್ಸಿಗೂ ಈ ಹೆಸರಿಗೂ ಸಂಬಂಧವಿಲ್ಲ. ಐವತ್ತು ವರ್ಷದ ಹೆಂಗಸೂ ಸಿತ್ತಾಳ್, ಇಪ್ಪತ್ತರ ಹುಡುಗನೂ ಪೆರಿಯಾಳ್. ಸರ್ಕಾರಿ ಡೇಟಾ ಪುಸ್ತಕಗಳೂ ಗಂಡು ಮಜ್ದೂರ್, ಹೆಣ್ಣು ಮಜ್ದೂರ್ ಎಂದು ಎರಡು ಸಾಲು ಬರೆದು ಎರಡು ದರ ಹಾಕುತ್ತಿದ್ದವು. ಸಮಾನ ಕೆಲಸಕ್ಕೆ ಸಮಾನ ವೇತನದ ಕಾನೂನು 1976ರಲ್ಲೇ ಬಂದಿದೆ. ಆದರೆ ಕಲಸುವುದು ಒಂದು ಕೆಲಸ, ಹೊರುವುದು ಇನ್ನೊಂದು ಕೆಲಸ ಎಂದು ಬೇರೆ ಮಾಡಿದ ಮೇಲೆ ‘ಸಮಾನ’ ಎಂಬ ಮಾತಿಗೆ ಹಿಡಿತ ಸಿಗುವುದಿಲ್ಲ. ಹೆಣ್ಣಾಳು ಹತ್ತಾರು ವರ್ಷ ಕೆಲಸ ಮಾಡಿದರೂ ಅವಳ ಕೈಗೆ ಕರಣೆ ಬರುವುದು ಅಪರೂಪ.

ತಮಿಳುನಾಡು ಈ ವಿಷಯದಲ್ಲಿ ಉಳಿದ ರಾಜ್ಯಗಳಿಗಿಂತ ಮುಂದೆ ಹೋಗಿತ್ತು. ಕಟ್ಟಡ ಕೆಲಸಗಾರರ ಸಂಘಗಳ ಒತ್ತಾಯದ ನಡುವೆ 1982ರಲ್ಲಿ ದೈಹಿಕ ಶ್ರಮಿಕರ ಕಾನೂನು, 1994ರಲ್ಲಿ ಕಟ್ಟಡ ಕೆಲಸಗಾರರ ಕಲ್ಯಾಣ ಯೋಜನೆ ಬಂದವು. 1996ರಲ್ಲಿ ಕೇಂದ್ರದ ಕಾನೂನು ಬಂದು, ನಿರ್ಮಾಣದ ವೆಚ್ಚದ ಮೇಲೆ ಸೆಸ್ ಹಾಕಿ ಕಲ್ಯಾಣ ನಿಧಿ ಕಟ್ಟುವ ವ್ಯವಸ್ಥೆಯಾಯಿತು. ಆದರೆ ಸ್ವಂತ ವಾಸದ ಮನೆಗೆ ಹತ್ತು ಲಕ್ಷ ರೂಪಾಯಿ ಮೀರದ ಕೆಲಸ ಆ ಕಾನೂನಿನ ವ್ಯಾಪ್ತಿಗೆ ಬರುತ್ತಿರಲಿಲ್ಲ. ಮನೆ ಮುಂದಿನ ಕಾಂಕ್ರೀಟ್ ಎಂದೂ ಹತ್ತು ಲಕ್ಷ ಮುಟ್ಟುವುದಿಲ್ಲ. ಆ ದಿನ ಬಾಂಡ್ಲಿ ಹೊತ್ತವಳಿಗೆ ಈ ಕೆಲಸದಿಂದ ದಕ್ಕುವುದು ಆ ದಿನದ ಕೂಲಿ ಮಾತ್ರ.

ಬರೆಯದ ಸಾಲು

1990ರ ದಶಕದಲ್ಲಿ ಶೇಖರ್ ರಾಘವನ್ ಎಂಬ ಭೌತಶಾಸ್ತ್ರಜ್ಞ ಬೆಸೆಂಟ್ ನಗರದಲ್ಲಿ ಮನೆ ಮನೆಗೆ ಹೋಗಿ ಮಳೆನೀರು ಇಂಗಿಸಿರೆಂದು ಹೇಳುತ್ತಿದ್ದರು. ಮರಳು ನೆಲದ ಬಡಾವಣೆಯಲ್ಲೇ ಬಾವಿಗಳಿಗೆ ಉಪ್ಪುನೀರು ನುಗ್ಗುವ ಭಯ ಶುರುವಾಗಿತ್ತು. 2002ರಲ್ಲಿ ಚೆನ್ನೈಯಲ್ಲಿ ಮಳೆ ಕೇಂದ್ರ ತೆರೆಯಿತು. 2003ರಲ್ಲಿ ತಮಿಳುನಾಡು ಎಲ್ಲ ಕಟ್ಟಡಗಳಿಗೂ ಮಳೆನೀರು ಸಂಗ್ರಹವನ್ನು ಕಡ್ಡಾಯ ಮಾಡಿತು. ಜನ ಚಾವಣಿಯ ಪೈಪುಗಳನ್ನು ಗುಂಡಿಗೆ ತಿರುಗಿಸಿದರು. ಅಂಗಳದ ಕಾಂಕ್ರೀಟನ್ನು ಚಾವಣಿಯಂತೆ ನೋಡಿದವರು ಕಡಿಮೆ. ಆದರೆ ಮಳೆಗೆ ಎರಡೂ ಒಂದೇ.

ಲೆಕ್ಕ ಸುಲಭ. ನಮ್ಮ 300 ಚದರಡಿ ಎಂದರೆ ಸುಮಾರು 28 ಚದರ ಮೀಟರ್. ಒಂದು ಚದರ ಮೀಟರಿನ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್. ಚೆನ್ನೈಗೆ ವರ್ಷಕ್ಕೆ ಸರಾಸರಿ 1400 ಮಿಲಿಮೀಟರ್ ಮಳೆ, ಹೆಚ್ಚಿನದು ಅಕ್ಟೋಬರಿನಿಂದ ಡಿಸೆಂಬರಿನೊಳಗೆ. ಒಂದು ಮನೆಯ ಮುಂದಿನ ಕಾಂಕ್ರೀಟ್ ಮೇಲೆ ವರ್ಷಕ್ಕೆ ಬೀಳುವುದು 39,000 ಲೀಟರ್. ಮಣ್ಣಿದ್ದಾಗ ಅದರಲ್ಲಿ ಒಂದು ಪಾಲು ಇಂಗುತ್ತಿತ್ತು. ಈಗ ಇಳಿಜಾರಿನ ಪ್ರಕಾರ ರಸ್ತೆಗೆ ಓಡುತ್ತದೆ.

2015ರ ಡಿಸೆಂಬರ್ ಮೊದಲ ದಿನ ತಾಂಬರಂನಲ್ಲಿ 24 ಗಂಟೆಯಲ್ಲಿ 49 ಸೆಂಟಿಮೀಟರ್ ಮಳೆ ಸುರಿಯಿತು. ಅಂಥ ಮಳೆಯಲ್ಲಿ ಈ ಅಳತೆಯ ಒಂದೊಂದು ಅಂಗಳವೂ ಒಂದೇ ದಿನದಲ್ಲಿ ಹದಿಮೂರು ಸಾವಿರ ಲೀಟರಿಗೂ ಹೆಚ್ಚು ನೀರನ್ನು ಬೀದಿಗೆ ತಳ್ಳುತ್ತದೆ. ಆ ಪ್ರವಾಹಕ್ಕೆ ಕಾರಣ ಅಂಗಳಗಳಲ್ಲ. ಕೆರೆಗಳ ಒತ್ತುವರಿ, ಅಡ್ಯಾರ್ ನದಿಯ ಪಾತ್ರ, ಚೆಂಬರಂಬಾಕ್ಕಂ ಜಲಾಶಯದಿಂದ ಬಿಟ್ಟ ನೀರು ಎಲ್ಲವೂ ಸೇರಿದ್ದವು. ಆದರೆ ಬೀದಿಯ ನೀರು ಇಂಗುವ ಜಾಗ ಹುಡುಕಿದಾಗ ಸಿಕ್ಕಿದ್ದು ಗೇಟಿನಿಂದ ಗೇಟಿಗೆ ಕಾಂಕ್ರೀಟ್.

ನಾಲ್ಕು ವರ್ಷಕ್ಕೇ ಊರು ಒಣಗಿತು. 2019ರ ಬೇಸಿಗೆಯಲ್ಲಿ ಜಲಾಶಯಗಳು ಬರಿದಾದವು. ಜುಲೈ 12ರಂದು ಜೋಲಾರ್‌ಪೇಟೆಯಿಂದ 50 ವ್ಯಾಗನ್ನುಗಳ ರೈಲು 25 ಲಕ್ಷ ಲೀಟರ್ ನೀರು ಹೊತ್ತು ವಿಲ್ಲಿವಾಕ್ಕಂಗೆ ಬಂತು. ಮೇಲಿನ ಲೆಕ್ಕದಲ್ಲಿ ಅದು 64 ಅಂಗಳಗಳ ಒಂದು ವರ್ಷದ ಮಳೆ. ಒಂದು ಸಾಧಾರಣ ಬೀದಿಯ ಎರಡೂ ಬದಿಯ ಮನೆಗಳು. ಅದೇ ದಿನಗಳಲ್ಲಿ ಮಾಂಗಾಡು ಬಳಿಯ ಸಿಕ್ಕರಾಯಪುರಂ ಕಲ್ಲುಕ್ವಾರಿಗಳಲ್ಲಿ ನಿಂತ ನೀರನ್ನು ಶುದ್ಧ ಮಾಡಿ ಊರಿಗೆ ಕೊಡಲಾಯಿತು. ಜಲ್ಲಿ ಕೊಟ್ಟ ಗುಂಡಿಗಳೇ ಕುಡಿಯುವ ನೀರನ್ನೂ ಕೊಟ್ಟವು. ಅಪಾರ್ಟ್‌ಮೆಂಟುಗಳ ಅಂಗಳಕ್ಕೆ ಈಗ ಹೆಚ್ಚು ದಪ್ಪದ ಕಾಂಕ್ರೀಟ್ ಬೇಕಾಗುವುದು ಹನ್ನೆರಡು ಸಾವಿರ ಲೀಟರಿನ ನೀರಿನ ಟ್ಯಾಂಕರು ಒಳಗೆ ಬರಬೇಕೆಂದು. ನೆಲಕ್ಕೆ ನೀರು ಇಳಿಯದಂತೆ ಮುಚ್ಚಿ, ನೀರು ತರುವ ಲಾರಿಯ ಭಾರಕ್ಕಾಗಿ ಆ ಮುಚ್ಚಳವನ್ನು ಇನ್ನಷ್ಟು ದಪ್ಪ ಮಾಡುವ ಖರ್ಚು ಇದು.

ಇದಕ್ಕೆ ಪರಿಹಾರ ದೊಡ್ಡದೇನಲ್ಲ, ಚೆನ್ನೈಯಲ್ಲೇ ಪ್ರಯೋಗವಾಗಿ ಗೊತ್ತಿರುವುದು. ಇಳಿಜಾರನ್ನು ಗೇಟಿನ ಕಡೆಗೆ ಕೊಟ್ಟು, ಗೇಟಿನ ಒಳಬದಿಗೆ ಅಡ್ಡಲಾಗಿ ಒಂದು ಕಿರುಗಾಲುವೆ ತೆಗೆದು, ಮೇಲೆ ರಂಧ್ರದ ಮುಚ್ಚಳ ಹಾಕಿ, ಆ ನೀರನ್ನು ಇಂಗುಬಾವಿಗೆ ತಿರುಗಿಸುವುದು. ಕಾರಿನ ಎರಡು ಚಕ್ರ ಓಡುವಷ್ಟು ಅಗಲಕ್ಕೆ ಮಾತ್ರ ಎರಡು ಪಟ್ಟಿ ಕಾಂಕ್ರೀಟ್ ಹಾಕಿ ನಡುವಿನ ನೆಲವನ್ನು ಬಿಡುವುದು ಇನ್ನೊಂದು. ಎರಡೆರಡು ಅಡಿಯ ಎರಡು ಪಟ್ಟಿಗೆ ಬೇಕಾಗುವುದು 300ರ ಬದಲು 120 ಚದರಡಿ. 125ರ ಬದಲು 50 ಘನ ಅಡಿ. 29ರ ಬದಲು 12 ಚೀಲ. ಉಳಿದ ಹದಿನೇಳು ಚೀಲದ ದುಡ್ಡು ಕಾಲುವೆಗೂ ಬಾವಿಗೂ ಒದಗುತ್ತದೆ.

ತಮಿಳುನಾಡಿನ ಸರ್ಕಾರಿ ಅಂದಾಜುಪಟ್ಟಿಗಳ ಕೊನೆಯಲ್ಲಿ ಇಂದಿಗೂ ಒಂದು ಹಳೆಯ ಸಾಲು ಇರುತ್ತದೆ: ಸಣ್ಣ ಮೇಲ್ವಿಚಾರಣೆ ಮತ್ತು ಅನಿರೀಕ್ಷಿತ ವೆಚ್ಚಕ್ಕೆ ಶೇ 2½. ಮುಂಗಾಣಲಾಗದ್ದು ಏನಾದರೂ ಬಂದರೆ ಇರಲಿ ಎಂದು ಮರಾಮತ್ತಿನವರು ಕಲಿತ ಪಾಠ ಅದು. ಚೆನ್ನೈಯ ಅಂಗಳಕ್ಕೆ ಈಗ ಮಳೆಯನ್ನು ಅನಿರೀಕ್ಷಿತದ ಸಾಲಿನಲ್ಲಿ ಹಾಕಲು ಬರುವುದಿಲ್ಲ. ಅದು ಪ್ರತಿ ವರ್ಷ ಅಕ್ಟೋಬರಿನಲ್ಲಿ ಬರುತ್ತದೆ, ಅದರ ಅಳತೆ ಗೊತ್ತಿದೆ, ಅದಕ್ಕೆ ದರವೂ ಗೊತ್ತಾಗಿದೆ. ಸಿಮೆಂಟು, ಮರಳು, ಜಲ್ಲಿಗಳಂತೆ ಅದಕ್ಕೂ ಪಟ್ಟಿಯಲ್ಲಿ ಒಂದು ಸಾಲು ಬರೆಯುವುದಷ್ಟೇ ಬಾಕಿ.